ಆನಾ ಫ್ರಾಯ್ಡ್: ಒಬ್ಬ ಶಾಲಾ ಶಿಕ್ಷಕಿ ಮತ್ತು ಒಪ್ಪಿಗೆಯ ಪ್ರಶ್ನೆ

ಬೋಧನಾಭ್ಯಾಸದ ಅವಧಿ ಮುಗಿಯುತ್ತಿದ್ದಂತೆ ಪ್ರಶಿಕ್ಷಣಾರ್ಥಿಗಳ ಪ್ರಕರಣ ಅಧ್ಯಯನದ ದಾಖಲೆಗಳು ನನ್ನ ಮೇಜಿಗೆ ಬರುತ್ತವೆ. ಬಣ್ಣದ ಹಾಳೆಯ ಹೊದಿಕೆ, ಒಳಗೆ ಮಗುವಿನ ಹೆಸರು, ತರಗತಿ, ಕುಟುಂಬದ ಹಿನ್ನೆಲೆ, ಗುರುತಿಸಿದ ಸಮಸ್ಯೆ, ಕಾರಣಗಳು, ಪರಿಹಾರ ಕ್ರಮ, ಕೊನೆಗೆ ಮುಖ್ಯೋಪಾಧ್ಯಾಯರ ಸಹಿ ಮತ್ತು ಮೊಹರು. ತಂದೆ ಕುಡಿಯುತ್ತಾರೆ, ತಾಯಿ ಬೀಡಿ ಕಟ್ಟುತ್ತಾರೆ, ಮಗು ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತದೆ ಎಂಬುದೆಲ್ಲ ಅದರಲ್ಲಿರುತ್ತದೆ. ಇದನ್ನೆಲ್ಲ ಯಾರು ಹೇಳಿದರು ಎಂದು ಮೌಖಿಕ ಪರೀಕ್ಷೆಯಲ್ಲಿ ಕೇಳಿದರೆ ಮಗುವೇ ಹೇಳಿತು ಎಂಬ ಉತ್ತರ ಬರುತ್ತದೆ. ಹೀಗೆ ಬರೆದುಕೊಂಡಿರುವುದು ಮನೆಯವರಿಗೆ ಗೊತ್ತೇ ಎಂದು ಕೇಳಿದರೆ ಮೌನ. ಆ ಮೌನದ ಬಗ್ಗೆ ಉಪನ್ಯಾಸ ಕೊಟ್ಟು ಕೊಟ್ಟು ನನಗೇ ಬೇಸರ ಬಂದಿದೆ. ಈ ಸಲ ಅದನ್ನು ಬಿಟ್ಟು ವಿಚಾರಗೋಷ್ಠಿಯಲ್ಲಿ ಒಬ್ಬರ ಬದುಕನ್ನು ಹೇಳಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ರಕ್ಷಣಾ ತಂತ್ರಗಳ ಪ್ರಶ್ನೆ ನಮ್ಮ ಮನೋವಿಜ್ಞಾನ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ದಮನ, ಪ್ರಕ್ಷೇಪಣ, ಉದಾತ್ತೀಕರಣ ಎಂದು ನಮ್ಮ ವಿದ್ಯಾರ್ಥಿಗಳು ಪಟಪಟನೆ ಬರೆಯುತ್ತಾರೆ. ಬರೆದು, ಎಲ್ಲವನ್ನೂ ಸಿಗ್ಮಂಡ್ ಫ್ರಾಯ್ಡರ ಲೆಕ್ಕಕ್ಕೆ ಹಾಕುತ್ತಾರೆ. ಆ ತಂತ್ರಗಳನ್ನು ಒಟ್ಟುಗೂಡಿಸಿ 1936ರಲ್ಲಿ ಪುಸ್ತಕವಾಗಿ ಕೊಟ್ಟವರು ಅವರ ಕಿರಿಯ ಮಗಳು ಆನಾ. ತಂದೆಯ ಎಂಬತ್ತನೆಯ ಹುಟ್ಟುಹಬ್ಬಕ್ಕೆ ಆಕೆ ಕೊಟ್ಟ ಉಡುಗೊರೆ ಅದು. ಆಕೆ ವೈದ್ಯೆಯಲ್ಲ, ವಿಶ್ವವಿದ್ಯಾಲಯದ ಪದವೀಧರೆಯೂ ಅಲ್ಲ. ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದವರು. ನಮ್ಮ ಕುಲದವರು ಎಂದೇ ಹೇಳಬೇಕು.

ಆನಾ ಹುಟ್ಟಿದ್ದು 1895ರ ಡಿಸೆಂಬರ್ 3ರಂದು, ವಿಯೆನ್ನಾದಲ್ಲಿ, ಆರು ಮಕ್ಕಳಲ್ಲಿ ಕೊನೆಯವಳಾಗಿ. ಅಕ್ಕ ಸೋಫಿಗೆ ಚೆಲುವೆ ಎಂಬ ಹೆಸರು, ಆನಾಗೆ ತುಂಟಿ ಎಂಬ ಹೆಸರು. ಓದಿದ್ದು ಕಾಟೇಜ್ ಲೈಸಿಯಂ ಎಂಬ ಹೆಣ್ಣುಮಕ್ಕಳ ಶಾಲೆಯಲ್ಲಿ. 1914ರಲ್ಲಿ ಶಿಕ್ಷಕರ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಅದೇ ಶಾಲೆಯಲ್ಲಿ ಮೊದಲು ಪ್ರಶಿಕ್ಷಣಾರ್ಥಿಯಾಗಿ, ಆಮೇಲೆ ತರಗತಿ ಶಿಕ್ಷಕಿಯಾಗಿ ಕೆಲಸ ಮಾಡಿದರು. ಮಹಾಯುದ್ಧದ ಕಾಲ, ಊಟಕ್ಕೇ ತತ್ವಾರ. ಅದರಲ್ಲೂ ಮಕ್ಕಳು ಅವರನ್ನು ಹಚ್ಚಿಕೊಂಡಿದ್ದರು, ಮುಖ್ಯೋಪಾಧ್ಯಾಯಿನಿಯೂ ಮೆಚ್ಚಿದ್ದರು. ಕ್ಷಯ ತಗುಲಿ ಆರೋಗ್ಯ ಕೆಟ್ಟಿತು. 1920ರಲ್ಲಿ ಕೆಲಸ ಬಿಟ್ಟರು.

ಅಷ್ಟರಲ್ಲಿ ಇನ್ನೊಂದು ಸಂಗತಿ ಶುರುವಾಗಿತ್ತು. 1918ರಿಂದ ಆನಾ ಮನೋವಿಶ್ಲೇಷಣೆಗೆ ಒಳಗಾಗತೊಡಗಿದ್ದರು. ವಿಶ್ಲೇಷಕ ಅವರ ತಂದೆಯೇ. ಮನಸ್ಸಿಗೆ ಬಂದದ್ದನ್ನೆಲ್ಲ, ಕನಸು, ನಾಚಿಕೆ, ಹಗಲುಗನಸುಗಳನ್ನೂ ಬಿಡದೆ, ಮಂಚದ ಮೇಲೆ ಮಲಗಿ ಹೇಳಬೇಕಾದ ಚಿಕಿತ್ಸೆ ಅದು. ಹೇಳುತ್ತಿದ್ದುದು ಮಗಳು, ಕೇಳುತ್ತಿದ್ದುದು ಅಪ್ಪ. ಇದು ಸುಮಾರು ನಾಲ್ಕು ವರ್ಷ ನಡೆಯಿತು, 1924ರಲ್ಲಿ ಮತ್ತೆ ಮುಂದುವರಿಯಿತು. ಹೊರಗಿನ ಲೋಕಕ್ಕೆ ಇದು ತಿಳಿಯಲು ಎಷ್ಟೋ ದಶಕಗಳು ಬೇಕಾದವು. ಆಗ ಆಕೆಗೆ ಇಪ್ಪತ್ತೆರಡು ದಾಟಿತ್ತು, ಮಗುವೇನಲ್ಲ. ಆದರೂ ಅಪ್ಪನ ಮನೆಯಲ್ಲಿದ್ದು, ಅಪ್ಪನ ವಿದ್ಯೆಯನ್ನೇ ಕಲಿಯಬೇಕೆಂದಿರುವ ಮಗಳು ಬೇಡ ಎನ್ನಬಹುದಿತ್ತೇ? ಬೇಡ ಎನ್ನಲು ಆಗದ ಕಡೆ ಹೂಂ ಎಂದದ್ದಕ್ಕೆ ಎಷ್ಟು ಬೆಲೆ? 1922ರಲ್ಲಿ ಆಕೆ ವಿಯೆನ್ನಾದ ಮನೋವಿಶ್ಲೇಷಣಾ ಸಂಘಕ್ಕೆ ಓದಿದ ಮೊದಲ ಪ್ರಬಂಧ, ಏಟು ತಿನ್ನುವ ಹಗಲುಗನಸು ಕಾಣುತ್ತಿದ್ದ ಒಬ್ಬ ಹುಡುಗಿಯ ಬಗ್ಗೆ. ಆ ಹುಡುಗಿ ಆನಾ ಅವರೇ ಎಂದು ಅವರ ಜೀವನವನ್ನು ಬರೆದವರು ಬಹುತೇಕ ಒಪ್ಪುತ್ತಾರೆ. ಅದನ್ನು ಓದಿದಾಗೆಲ್ಲ ನನಗೆ ನಮ್ಮ ದಾಖಲೆಗಳು ನೆನಪಾಗುತ್ತವೆ. ಹೆಸರು ತೆಗೆದುಬಿಟ್ಟರೆ ಸಾಕು ಎಂದು ನಾವೂ ಅಂದುಕೊಂಡಿದ್ದೇವೆ.

ತಂದೆಯೇ ವಿಶ್ಲೇಷಕನಾಗುವುದು ಆ ಕಾಲದ ಆ ಗುಂಪಿನಲ್ಲಿ ಅಪರೂಪವಾಗಿರಲಿಲ್ಲ ಎಂಬುದನ್ನೂ ಹೇಳಬೇಕು. 1909ರಲ್ಲಿ ಪ್ರಕಟವಾದ ಪುಟ್ಟ ಹಾನ್ಸ್‌ನ ಪ್ರಕರಣದಲ್ಲಿ, ಕುದುರೆಗೆ ಹೆದರುತ್ತಿದ್ದ ಐದು ವರ್ಷದ ಹುಡುಗನಿಗೆ ಚಿಕಿತ್ಸೆ ನಡೆಸಿದ್ದು ಅವನ ಅಪ್ಪ. ಫ್ರಾಯ್ಡರು ಹಿಂದೆ ನಿಂತು ದಾರಿ ತೋರಿಸುತ್ತಿದ್ದರು. ಮುಂದೆ ಆನಾ ಅವರ ಎದುರಾಳಿಯಾದ ಮೆಲನಿ ಕ್ಲೈನ್ ತಮ್ಮ ಮಗನನ್ನೇ ವಿಶ್ಲೇಷಿಸಿ ಬೇರೆ ಹೆಸರಿಟ್ಟು ಬರೆದರು. ಹೆತ್ತವರ ಒಪ್ಪಿಗೆ ಪಡೆಯಬೇಕು ಎಂಬ ಪ್ರಶ್ನೆ ಅಲ್ಲಿ ಏಳುವಂತೆಯೇ ಇರಲಿಲ್ಲ. ಕೇಳುವವರೂ ಕೊಡುವವರೂ ಒಬ್ಬರೇ.

ಇನ್ನು 1925ಕ್ಕೆ ಬರುತ್ತೇನೆ. ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ಇಲ್ಲಿ.

ಆ ವರ್ಷ ಅಮೆರಿಕದಿಂದ ಡೊರೊತಿ ಬರ್ಲಿಂಗ್‌ಹ್ಯಾಮ್ ಎಂಬ ತಾಯಿ ನಾಲ್ಕು ಮಕ್ಕಳನ್ನು ಕರೆದುಕೊಂಡು ವಿಯೆನ್ನಾಕ್ಕೆ ಬಂದರು. ಬಣ್ಣದ ಗಾಜಿನ ಕೆಲಸಕ್ಕೆ ಪ್ರಸಿದ್ಧರಾದ ಲೂಯಿ ಟಿಫನಿಯವರ ಮಗಳು ಆಕೆ, ಸಿರಿವಂತೆ. ಹಿರಿಯ ಮಗ ಬಾಬ್‌ಗೆ ಹತ್ತು ವರ್ಷ, ಉಬ್ಬಸದಿಂದ ನರಳುತ್ತಿದ್ದ. ಅವನ ಬೆನ್ನಿಗೇ ಹುಟ್ಟಿದವಳು ಮ್ಯಾಬಿ. ಇವರಿಬ್ಬರ ಚಿಕಿತ್ಸೆಯನ್ನು ಆನಾ ವಹಿಸಿಕೊಂಡರು. ಮಕ್ಕಳ ತಂದೆ ರಾಬರ್ಟ್ ನ್ಯೂಯಾರ್ಕಿನಲ್ಲಿ ಶಸ್ತ್ರವೈದ್ಯ. ಒಮ್ಮೆ ಉನ್ಮಾದ, ಒಮ್ಮೆ ಖಿನ್ನತೆ, ಹೀಗೆ ಮರುಕಳಿಸುವ ಮನೋರೋಗ ಅವರಿಗಿತ್ತು. ದಂಪತಿಗಳು ಬೇರೆಯಾಗಿ ನಾಲ್ಕು ವರ್ಷವಾಗಿತ್ತು. ಹೆಂಡತಿ ಮಕ್ಕಳು ಮರಳಿ ಬರಲಿ ಎಂಬುದು ಅವರ ಹಂಬಲ. ಈ ಚಿಕಿತ್ಸೆ ಅವರಿಗೆ ಸರಿಬರಲಿಲ್ಲ.

ಅಂದರೆ ಒಬ್ಬ ಪಾಲಕಿಯ ಒಪ್ಪಿಗೆ ಇತ್ತು, ಇನ್ನೊಬ್ಬ ಪಾಲಕರದು ಇರಲಿಲ್ಲ. ಇಲ್ಲದವರು ರೋಗಿ ಎಂಬ ಕಾರಣಕ್ಕೆ ಅವರ ಮಾತಿಗೆ ತೂಕ ಕಡಿಮೆಯಾಯಿತು. ಕೊಟ್ಟ ತಾಯಿಯೂ ಕ್ರಮೇಣ ಹೊರಗಿನವರಾಗಿ ಉಳಿಯಲಿಲ್ಲ. ಆನಾ ಮತ್ತು ಡೊರೊತಿ ಜೀವದ ಗೆಳತಿಯರಾದರು. ಡೊರೊತಿಯೂ ಫ್ರಾಯ್ಡರ ಬಳಿ ವಿಶ್ಲೇಷಣೆಗೆ ಸೇರಿದರು. 1929ರಲ್ಲಿ ಇಡೀ ಸಂಸಾರ ಬೆರ್ಗಾಸ್ಸೆ 19ರ ಅದೇ ಕಟ್ಟಡದ ಮೇಲಿನ ಮಹಡಿಗೆ ಬಂದು ನೆಲೆಸಿತು, ಎರಡು ಮನೆಗಳ ನಡುವೆ ನೇರ ದೂರವಾಣಿ ತಂತಿ ಎಳೆದರು. ಚಿಕಿತ್ಸೆ ಮಾಡುವವರು ರಜೆಯಲ್ಲಿ ಜೊತೆಗೆ ಇರುವವರು, ಊಟಕ್ಕೆ ಬರುವವರು, ಅಮ್ಮನ ಆಪ್ತರು. ಆ ಮಕ್ಕಳು ಅಮ್ಮನ ಮೇಲೆ ಸಿಟ್ಟು ಬಂದರೆ ಯಾರಲ್ಲಿ ಹೇಳಿಕೊಳ್ಳಬೇಕಿತ್ತು? ಆನಾ ಅವರಿಗೆ ಇದು ಹೊಳೆಯದೆ ಇರಲಿಲ್ಲ. ಮಕ್ಕಳನ್ನು ಗುಣಪಡಿಸುವುದಷ್ಟೇ ಅಲ್ಲ, ಅವರು ತನಗೇ ಬೇಕು ಎಂದೂ ಅನಿಸುತ್ತದೆ ಎಂದು ಅವರು ಹಿರಿಯ ಗೆಳೆಯ ಮ್ಯಾಕ್ಸ್ ಐಟಿಂಗನ್ ಅವರಿಗೆ ಬರೆದ ಪತ್ರದಲ್ಲಿ ಒಪ್ಪಿಕೊಂಡಿದ್ದಾರೆ. ಹಾಗೆ ಒಪ್ಪಿಕೊಳ್ಳಲು ಪ್ರಾಮಾಣಿಕತೆ ಬೇಕು. ಅವರು ನಿಲ್ಲಿಸಲಿಲ್ಲ ಎಂಬುದೂ ನಿಜ.

ಈ ಮಕ್ಕಳ ಜೊತೆಗಿನ ಕೆಲಸದಿಂದಲೇ 1927ರಲ್ಲಿ ಮಕ್ಕಳ ವಿಶ್ಲೇಷಣೆಯ ವಿಧಾನವನ್ನು ಕುರಿತ ಅವರ ಮೊದಲ ಪುಸ್ತಕ ಬಂತು. ಪ್ರಶಿಕ್ಷಣಾರ್ಥಿಗಳು ಇದರ ಮೊದಲ ಅಧ್ಯಾಯವನ್ನಾದರೂ ಓದಬೇಕು, ಯಾಕೆಂದರೆ ಅದರಲ್ಲಿ ಶಿಕ್ಷಕಿಯ ಕಣ್ಣಿದೆ. ದೊಡ್ಡವರು ನೋವು ತಾಳಲಾರದೆ, ತಮಗೆ ಕಾಯಿಲೆಯಿದೆ ಎಂದು ತಿಳಿದು, ತಾವೇ ನಿರ್ಧರಿಸಿ ಚಿಕಿತ್ಸೆಗೆ ಬರುತ್ತಾರೆ. ಮಗು ಹಾಗೆ ಬರುವುದಿಲ್ಲ, ಅದನ್ನು ಕರೆತರುತ್ತಾರೆ. ಎಷ್ಟೋ ಸಲ ನೋವು ಮಗುವಿಗಿಂತ ಸುತ್ತಲಿನವರಿಗೆ ಹೆಚ್ಚು. ಹಾಗಾಗಿ ಚಿಕಿತ್ಸೆಗೆ ಮುಂಚೆ ಒಂದು ಸಿದ್ಧತೆಯ ಹಂತ ಬೇಕು, ಮಗುವಿಗೆ ತನ್ನ ತೊಂದರೆಯ ಅರಿವು ಮೂಡಿ, ಎದುರಿಗಿರುವವರ ಮೇಲೆ ನಂಬಿಕೆ ಹುಟ್ಟಿ, ಬದಲಾಗಬೇಕೆಂಬ ನಿರ್ಧಾರ ಒಳಗಿನಿಂದ ಬರಬೇಕು ಎಂದು ಅವರು ವಾದಿಸಿದರು. ಒಬ್ಬ ಹುಡುಗನ ಕತೆಗಳನ್ನೂ ಕಾಗದಗಳನ್ನೂ ಟೈಪ್‌ರೈಟರ್‌ನಲ್ಲಿ ಹೊಡೆದುಕೊಟ್ಟರು. ಒಬ್ಬ ಹುಡುಗಿಯ ಗೊಂಬೆಗಳಿಗೆಲ್ಲ ಉಲ್ಲನ್ ಬಟ್ಟೆ ಹೆಣೆದುಕೊಟ್ಟರು. ಪಾಠಯೋಜನೆಯಲ್ಲಿ ನಾವು ಪ್ರೇರಣೆ ಎಂದು ಬರೆಯುವ ಹಂತಕ್ಕೆ ಅವರು ವಾರಗಟ್ಟಲೆ ಸಮಯ ಕೊಟ್ಟರು.

ಇದನ್ನು ಮಗುವಿನ ಒಪ್ಪಿಗೆ ಪಡೆಯುವ ವಿಧಾನ ಎಂದು ಹೊಗಳುವವರಿದ್ದಾರೆ. ನನಗೆ ಅಷ್ಟು ಧೈರ್ಯವಿಲ್ಲ. ಗೊಂಬೆಗೆ ಬಟ್ಟೆ ಹೆಣೆದುಕೊಟ್ಟವರಿಗೆ ಯಾವ ಮಗು ಬೇಡ ಎಂದೀತು? ಓಲೈಸುವುದಕ್ಕೂ ಒಪ್ಪಿಸುವುದಕ್ಕೂ ನಡುವಿನ ಗೆರೆ ತೆಳು. ಆನಾ ಅವರೇ ಮುಂದೆ ಈ ಹಂತವನ್ನು ಬಹುಮಟ್ಟಿಗೆ ಕೈಬಿಟ್ಟರು. ಸಹೋದ್ಯೋಗಿ ಬೆರ್ಟಾ ಬೋರ್ನ್‌ಸ್ಟೈನ್ ಅವರ ಕೆಲಸ ನೋಡಿದ ಮೇಲೆ, ಮಗುವಿನ ರಕ್ಷಣಾ ತಂತ್ರಗಳನ್ನು ಗೌರವದಿಂದ ಅರ್ಥಮಾಡಿಕೊಳ್ಳುತ್ತ ಹೋದರೆ ಪ್ರತ್ಯೇಕ ಓಲೈಕೆ ಬೇಡ ಎಂಬ ನಿಲುವಿಗೆ ಬಂದರು.

ಹೆತ್ತವರ ವಿಷಯದಲ್ಲಿ ಮಾತ್ರ ಅವರು ಸಡಿಲಿಸಲಿಲ್ಲ. ಮಗು ಇನ್ನೂ ಅಪ್ಪ ಅಮ್ಮನ ಜೊತೆಯಲ್ಲೇ ಬಾಳುತ್ತಿದೆ, ಅವರ ಪ್ರೀತಿಯೇ ಅದಕ್ಕೆ ಅನ್ನ. ಅವರಿಗೆ ಮನಸ್ಸಿಲ್ಲದ ಚಿಕಿತ್ಸೆಗೆ ಎಳೆದರೆ ಮಗು ಎರಡು ಕಡೆಯ ನಿಷ್ಠೆಯ ನಡುವೆ ಹರಿದುಹೋಗುತ್ತದೆ. ಆದ್ದರಿಂದ ಪಾಲಕರಿಗೆ ಚಿಕಿತ್ಸೆ ಏನೆಂದು ಅರ್ಥವಾಗಿರಬೇಕು, ಅವರು ಜೊತೆಗಿರಬೇಕು. ಮೆಲನಿ ಕ್ಲೈನ್ ಇದನ್ನು ಒಪ್ಪಲಿಲ್ಲ. ಸಿದ್ಧತೆ ಬೇಡ, ಮಗುವಿನ ಆಟವೇ ಸಾಕು, ಮೊದಲ ದಿನದಿಂದಲೇ ಒಳಮನಸ್ಸಿಗೆ ಇಳಿಯಬಹುದು ಎಂಬುದು ಅವರ ಪಕ್ಷ. ಈ ಜಗಳ ಇಪ್ಪತ್ತು ವರ್ಷ ನಡೆದು ಬ್ರಿಟನ್ನಿನ ಮನೋವಿಶ್ಲೇಷಣಾ ಸಂಘವನ್ನೇ ಬಣಗಳಾಗಿ ಒಡೆಯಿತು. ಅದರ ವಿವರ ನಮಗೆ ಬೇಡ.

ಇಲ್ಲಿ ನನ್ನದೊಂದು ಮಾತು. ನಾನು ಸೇವೆಗೆ ಸೇರಿದ ಎರಡನೆಯ ವರ್ಷ ನನ್ನ ಐದನೆಯ ತರಗತಿಯಲ್ಲಿ ಮಾತೇ ಆಡದ ಒಬ್ಬ ಹುಡುಗನಿದ್ದ. ಊರಿಗೆ ಮಕ್ಕಳ ಆಪ್ತಸಮಾಲೋಚನೆಯ ಶಿಬಿರ ಬಂದಾಗ ಅವನ ಹೆಸರು ಬರೆಸಿದವರು ಯಾರೂ ಅಲ್ಲ, ನಾನೇ. ಅವನ ಅಪ್ಪ ಗಾರೆ ಕೆಲಸದವರು. ಬೆಳಿಗ್ಗೆ ಕೆಲಸಕ್ಕೆ ಹೋಗುವ ಅವಸರದಲ್ಲಿದ್ದಾಗ ಶಾಲೆಯ ಗೇಟಿನ ಹತ್ತಿರ ನಿಲ್ಲಿಸಿ ಅಚ್ಚು ಹಾಕಿದ ನಮೂನೆಯ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡೆ. ಏನೆಂದು ಕೇಳಿದರು. ಶಾಲೆಯ ಕೆಲಸ ಎಂದೆ. ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ. ಶಿಬಿರದವರು ಹುಡುಗನಿಗೆ ಮನೆಯ ಚಿತ್ರ ಬರೆಯಲು ಹೇಳಿ, ಚಿತ್ರ ನೋಡಿ ಏನೇನೋ ಕೇಳಿದರಂತೆ. ವಾರದೊಳಗೆ ಬೀದಿಯಲ್ಲೆಲ್ಲ ಆ ಹುಡುಗನಿಗೆ ತಲೆ ಸರಿಯಿಲ್ಲ ಎಂಬ ಸುದ್ದಿ. ಅಪ್ಪ ಶಾಲೆಗೆ ಬಂದರು. ಕೂಗಾಡಲಿಲ್ಲ. ತನ್ನ ಮಗನಿಗೆ ಹುಚ್ಚೇ ಎಂದು ಮಾತ್ರ ಕೇಳಿ, ಉತ್ತರಕ್ಕೆ ಕಾದು ನಿಂತರು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ಮುಂದಿನ ತಿಂಗಳು ವರ್ಗಾವಣೆ ಪತ್ರ ತೆಗೆದುಕೊಂಡು ಹೋದರು. ಹೆಬ್ಬೆಟ್ಟಿನ ಆ ಹಾಳೆ ಕಡತದಲ್ಲಿ ಬಹುಕಾಲ ಇತ್ತು. ಲೆಕ್ಕಪರಿಶೋಧನೆಗೆ ಬಂದವರಿಗೆ ಅದರಲ್ಲಿ ಯಾವ ದೋಷವೂ ಕಾಣುತ್ತಿರಲಿಲ್ಲ.

ಆನಾ ಅವರ ಬದುಕಿಗೆ ಮರಳುತ್ತೇನೆ. 1927ರಲ್ಲಿ ಅವರೂ ಡೊರೊತಿಯೂ ಇವಾ ರೋಸೆನ್‌ಫೆಲ್ಡ್ ಎಂಬ ಗೆಳತಿಯ ಹಿತ್ತಲಲ್ಲಿ ಒಂದು ಪುಟ್ಟ ಶಾಲೆ ಕಟ್ಟಿಸಿದರು. ಹೀಟ್ಸಿಂಗ್ ಶಾಲೆ ಎಂದು ಅದಕ್ಕೆ ಹೆಸರು. ಮಕ್ಕಳು ಸುಮಾರು ಇಪ್ಪತ್ತು, ಪಾಠ ಯೋಜನಾ ಪದ್ಧತಿಯಲ್ಲಿ. ಅಲ್ಲಿ ಕಲಿಸಲು ಬಂದ ಚಿತ್ರಕಾರ ಯುವಕನೊಬ್ಬ ಆನಾ ಅವರ ಶಿಷ್ಯನಾಗಿ ಮಕ್ಕಳ ವಿಶ್ಲೇಷಣೆ ಕಲಿತ. ಆತನೇ ನಮ್ಮ ಪಠ್ಯದಲ್ಲಿ ಎಂಟು ಹಂತಗಳಿಗೆ ಹೆಸರಾದ ಎರಿಕ್ ಎರಿಕ್ಸನ್. ಶಾಲೆಯ ಅನೇಕ ಮಕ್ಕಳು ಬಿಡುವಿನಲ್ಲಿ ವಿಶ್ಲೇಷಣೆಗೂ ಹೋಗುತ್ತಿದ್ದರು. ಶಾಲೆ, ಮನೆ, ಚಿಕಿತ್ಸೆ ಮೂರೂ ಒಂದೇ ಬಳಗದ ಕೈಯಲ್ಲಿ. 1932ರಲ್ಲಿ ಅದು ಮುಚ್ಚಿತು. ಅದೇ ಹೊತ್ತಿಗೆ ವಿಯೆನ್ನಾ ನಗರಾಡಳಿತದ ಸಂಜೆಯ ಶಿಶುಕೇಂದ್ರಗಳ ಶಿಕ್ಷಕರಿಗೆ ಅವರು ಕೊಟ್ಟ ನಾಲ್ಕು ಉಪನ್ಯಾಸಗಳು 1930ರಲ್ಲಿ ಪುಸ್ತಕವಾದವು. ದಿನವಿಡೀ ದುಡಿಯುವವರ ಮಕ್ಕಳನ್ನು ನೋಡಿಕೊಳ್ಳುವ ಆ ಶಿಕ್ಷಕರ ಎದುರು ಅವರು ಬಳಸಿದ ಭಾಷೆ ಸರಳ. ಮಗು ಮೊದಲ ದಿನ ತರಗತಿಗೆ ಬರುವಾಗಲೇ ಅದರ ಹಿಂದೆ ಒಂದು ದೊಡ್ಡ ಚರಿತ್ರೆ ಇರುತ್ತದೆ ಎಂಬುದು ಅದರ ಸಾರ.

1938ರ ಮಾರ್ಚಿನಲ್ಲಿ ನಾಜಿಗಳು ಆಸ್ಟ್ರಿಯಾವನ್ನು ವಶಪಡಿಸಿಕೊಂಡರು. ಗೆಸ್ಟಾಪೊ ಆನಾ ಅವರನ್ನು ಒಂದು ದಿನ ವಿಚಾರಣೆಗೆ ಎಳೆದೊಯ್ದಾಗ, ಚಿತ್ರಹಿಂಸೆ ಬಂದರೆ ಸಾಯಲೆಂದು ಅವರ ಬಳಿ ನಿದ್ದೆಮಾತ್ರೆ ಇತ್ತು. ಜೂನ್‌ನಲ್ಲಿ ಸಂಸಾರ ಲಂಡನ್ ಸೇರಿತು. ಅದೇ ವರ್ಷ ನ್ಯೂಯಾರ್ಕಿನಲ್ಲಿ ರಾಬರ್ಟ್ ಬರ್ಲಿಂಗ್‌ಹ್ಯಾಮ್ ಆತ್ಮಹತ್ಯೆ ಮಾಡಿಕೊಂಡರು. ಮರುವರ್ಷ ಸೆಪ್ಟೆಂಬರಿನಲ್ಲಿ ಸಿಗ್ಮಂಡ್ ಫ್ರಾಯ್ಡ್ ತೀರಿಕೊಂಡರು. ದವಡೆಯ ಕ್ಯಾನ್ಸರ್ ಬಂದ ಹದಿನಾರು ವರ್ಷ ಶುಶ್ರೂಷೆ ಮಾಡಿದ್ದು ಆನಾ.

ಯುದ್ಧದಲ್ಲಿ ಲಂಡನ್ ಮೇಲೆ ಬಾಂಬು ಬೀಳುತ್ತಿದ್ದಾಗ ಆನಾ ಮತ್ತು ಡೊರೊತಿ ಹ್ಯಾಂಪ್‌ಸ್ಟೆಡ್‌ನಲ್ಲಿ ಮನೆ ಕಳೆದುಕೊಂಡ ಮಕ್ಕಳಿಗೆ ಯುದ್ಧಕಾಲದ ಶಿಶುನಿಲಯಗಳನ್ನು ತೆರೆದರು. ನನ್ನ ಲೆಕ್ಕದಲ್ಲಿ ಅವರ ಬದುಕಿನ ಅತ್ಯಂತ ಗಟ್ಟಿ ಕೆಲಸ ಇದು. ತಾಯಂದಿರು ಯಾವ ಹೊತ್ತಿಗೆ ಬೇಕಾದರೂ ಬರಬಹುದಿತ್ತು, ಬಂದು ಮಗುವಿಗೆ ಉಣಿಸಬಹುದಿತ್ತು, ಮಲಗಿಸಬಹುದಿತ್ತು. ಭೇಟಿಯಾದಾಗ ಮಕ್ಕಳು ಅಳುತ್ತಾರೆ, ಆದ್ದರಿಂದ ಭೇಟಿ ಬೇಡ ಎಂಬುದು ಆಗಿನ ಬಹಳಷ್ಟು ಸಂಸ್ಥೆಗಳ ನಿಯಮ. ಇವರು ಉಲ್ಟಾ ನಡೆದರು.

ಅವರ ವರದಿಯಲ್ಲಿ ಪ್ಯಾಟ್ರಿಕ್ ಎಂಬ ಮೂರು ವರ್ಷದ ಹುಡುಗ ಬರುತ್ತಾನೆ. ಅತ್ತರೆ ಅಮ್ಮ ನೋಡಲು ಬರುವುದಿಲ್ಲ ಎಂದು ಹೇಳಿ ಅವನನ್ನು ಬಿಟ್ಟುಹೋಗಿದ್ದರು. ಅವನು ಅಳಲಿಲ್ಲ. ಕಂಡಕಂಡವರಿಗೆ ತಲೆಯಾಡಿಸುತ್ತ, ಅಮ್ಮ ಬರುತ್ತಾಳೆ, ಕೋಟು ಹಾಕುತ್ತಾಳೆ, ಮನೆಗೆ ಕರೆದೊಯ್ಯುತ್ತಾಳೆ ಎಂದು ಹೇಳುತ್ತಿದ್ದ. ದಿನಕಳೆದಂತೆ ಪಟ್ಟಿ ಬೆಳೆಯಿತು, ಕೋಟಿನ ಜಿಪ್ಪು, ಕಾಲಿನ ಉಡುಪು, ಚೂಪು ಟೊಪ್ಪಿ. ಯಾರೋ ಸಾಕುಮಾಡು ಎಂದರು. ಆಮೇಲೆ ಮಾತು ಬಿಟ್ಟು ಕೈಯಲ್ಲೇ ಕೋಟು ತೊಡಿಸುವ, ಜಿಪ್ಪು ಎಳೆಯುವ, ಟೊಪ್ಪಿ ಇಡುವ ಅಭಿನಯ ಮಾಡತೊಡಗಿದ. ಕೊನೆಗೆ ಉಳಿದ ಮಕ್ಕಳು ಆಡುತ್ತಿದ್ದಾಗ ಮೂಲೆಯಲ್ಲಿ ನಿಂತು ಬೆರಳು ತುಟಿ ಮಾತ್ರ ಅಲ್ಲಾಡಿಸುತ್ತಿದ್ದ. ಒಳ್ಳೆಯದಕ್ಕೇ ಹೇಳಿದ ಒಂದು ಸುಳ್ಳು ಮಗುವಿನ ಒಳಗೆ ಏನು ಮಾಡುತ್ತದೆ ಎಂಬುದಕ್ಕೆ ನಾನು ಇದನ್ನು ಓದಿ ಹೇಳುತ್ತೇನೆ. ತರಗತಿಯಲ್ಲಿ ಆಗ ಯಾರೂ ಟಿಪ್ಪಣಿ ಬರೆದುಕೊಳ್ಳುವುದಿಲ್ಲ.

1945ರಲ್ಲಿ ತೆರೆಜಿನ್ ಶಿಬಿರದಿಂದ ಬದುಕುಳಿದು ಬಂದ ಮೂರು ವರ್ಷದ ಆಸುಪಾಸಿನ ಆರು ಅನಾಥ ಮಕ್ಕಳು ಬುಲ್‌ಡಾಗ್ಸ್ ಬ್ಯಾಂಕ್ ಎಂಬ ಹಳ್ಳಿಮನೆಗೆ ಬಂದರು. ಸೋಫಿ ಡ್ಯಾನ್, ಗರ್ಟ್ರೂಡ್ ಡ್ಯಾನ್ ಎಂಬ ಅಕ್ಕತಂಗಿಯರು ಅವರನ್ನು ನೋಡಿಕೊಂಡರು, ಆನಾ ಮಾರ್ಗದರ್ಶನ ಮಾಡಿದರು. ಒಬ್ಬರನ್ನೊಬ್ಬರು ಬಿಟ್ಟು ಅರೆಗಳಿಗೆ ಇರದ ಮಕ್ಕಳು. 1951ರಲ್ಲಿ ಪ್ರಕಟವಾದ ಆ ಅಧ್ಯಯನ ಇಂದಿಗೂ ಪ್ರಸಿದ್ಧ. ಒಪ್ಪಿಗೆ ಕೇಳಲು ಮಾತ್ರ ಆ ಮಕ್ಕಳಿಗೆ ಯಾರೂ ಉಳಿದಿರಲಿಲ್ಲ.

1952ರಲ್ಲಿ ಹ್ಯಾಂಪ್‌ಸ್ಟೆಡ್ ಚಿಕಿತ್ಸಾಲಯ ಶುರುವಾಯಿತು. ಮಗು ವಾರಕ್ಕೆ ಐದು ದಿನ ಬಂದರೆ ತಾಯಿಯ ಜೊತೆ ಮಾತುಕತೆಯೂ ಅದರ ಭಾಗ. ಈ ಹೊತ್ತಿಗೆ ಆನಾ ಹೆಸರಾಂತರು. ಗೌರವ ಪದವಿಗಳು ಬಂದವು. ಅರವತ್ತರ ದಶಕದಿಂದ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಕಾನೂನು ಶಾಲೆಗೆ ಹೋಗಿ ಪಾಠ ಮಾಡಿದರು. ಜೋಸೆಫ್ ಗೋಲ್ಡ್‌ಸ್ಟೈನ್, ಆಲ್ಬರ್ಟ್ ಸೋಲ್ನಿಟ್ ಇಬ್ಬರ ಜೊತೆ ಬರೆದ ಮೊದಲ ಪುಸ್ತಕ 1973ರಲ್ಲಿ, ಎರಡನೆಯದು 1979ರಲ್ಲಿ ಬಂದವು. ನ್ಯಾಯಾಲಯವಾಗಲಿ ಸರ್ಕಾರವಾಗಲಿ ಯಾವಾಗ ಹೆತ್ತವರ ಮಾತನ್ನು ಮೀರಬಹುದು ಎಂಬುದು ಎರಡನೆಯದರ ಪ್ರಶ್ನೆ. ಮಗುವಿನ ಪ್ರಾಣಕ್ಕೇ ಅಪಾಯವಿದ್ದು, ಚಿಕಿತ್ಸೆಯಿಂದ ಉಳಿಯುವುದು ಖಚಿತವಾಗಿದ್ದಾಗ ಮಾತ್ರ ಹೆತ್ತವರು ನಿರಾಕರಿಸಿದ ಚಿಕಿತ್ಸೆಯನ್ನು ಹೇರಬಹುದು, ಉಳಿದಂತೆ ನಿರ್ಧಾರ ಹೆತ್ತವರದು ಎಂಬ ಬಹಳ ಬಿಗಿಯಾದ ನಿಲುವು ಅದು. ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ. ಹೊಡೆಯುವ ಅಪ್ಪನೇ ಬೇಡ ಎಂದರೆ ಮಗು ಎಲ್ಲಿಗೆ ಹೋಗಬೇಕು? ನಮ್ಮಲ್ಲೂ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಹದಿನೆಂಟರೊಳಗಿನವರಿಗೆ ಕಾನೂನುಬದ್ಧ ಪಾಲಕರನ್ನೇ ಪ್ರತಿನಿಧಿಯಾಗಿ ಇಟ್ಟಿದೆ. ಅವರು ತಿಳಿದು ಒಪ್ಪಿದರೋ ಹೆಬ್ಬೆಟ್ಟು ಮಾತ್ರ ಒತ್ತಿದರೋ ಎಂಬುದನ್ನು ಶಾಲೆಯ ಗೇಟಿನಲ್ಲಿ ನಿಂತವರೇ ನೋಡಿಕೊಳ್ಳಬೇಕು.

ಆ ಸಾಲುಗಳನ್ನು ಬರೆಯುವಾಗ ಆನಾ ಅವರ ಮನಸ್ಸಿನಲ್ಲಿ ನ್ಯೂಯಾರ್ಕಿನ ಆ ತಂದೆ ಇದ್ದರೋ ಏನೋ. ಬಾಬ್ 1970ರಲ್ಲಿ ತೀರಿಕೊಂಡಿದ್ದರು, ಉಬ್ಬಸ ಕೊನೆಯವರೆಗೂ ಬಿಟ್ಟಿರಲಿಲ್ಲ. ನಡುವಯಸ್ಸು ದಾಟಿದ ಮೇಲೂ ವಿಶ್ಲೇಷಣೆಗೆಂದು ಲಂಡನ್ನಿಗೆ ಬರುತ್ತಿದ್ದ ಮ್ಯಾಬಿ 1974ರಲ್ಲಿ ಮೇರ್ಸ್‌ಫೀಲ್ಡ್ ಗಾರ್ಡನ್ಸ್‌ನ ಆನಾ ಅವರ ಮನೆಯಲ್ಲೇ ನಿದ್ದೆಮಾತ್ರೆ ಹೆಚ್ಚು ನುಂಗಿ ಸತ್ತರು. ಚಿಕಿತ್ಸೆಯಿಂದಲೇ ಹೀಗಾಯಿತು ಎಂದು ಹೇಳುವವರಿದ್ದಾರೆ. ನಾನು ಹಾಗೆ ಹೇಳಲಾರೆ, ತಂದೆಯ ಕಾಯಿಲೆ ಮಕ್ಕಳಿಗೂ ಬಂದಿದ್ದಿರಬಹುದು, ಚಿಕಿತ್ಸೆಯಿಂದಲೇ ಅಷ್ಟು ವರ್ಷ ಬದುಕಿದ್ದಿರಬಹುದು. ಆದರೆ ಹತ್ತು ವರ್ಷದವನಾಗಿ, ಎಂಟು ವರ್ಷದವಳಾಗಿ ಆ ಕೋಣೆಗೆ ಹೋದಾಗ, ಬೇಡವೆನಿಸಿದರೆ ಹೊರಗೆ ಬರಬಹುದು ಎಂದು ಅವರಿಗೆ ಯಾರಾದರೂ ಹೇಳಿದ್ದರೇ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಡೊರೊತಿ 1979ರಲ್ಲಿ ತೀರಿಕೊಂಡರು. ಆನಾ 1982ರ ಅಕ್ಟೋಬರ್ 9ರಂದು. ಮದುವೆಯಾಗಿರಲಿಲ್ಲ. ಅವರ ಮನೆ ಈಗ ವಸ್ತುಸಂಗ್ರಹಾಲಯ, ಅವರು ನೇಯುತ್ತಿದ್ದ ಮಗ್ಗ ಅಲ್ಲಿದೆ. ರೋಗಿಗಳ ಮಾತು ಕೇಳುವಾಗ ಅವರ ಕೈಯಲ್ಲಿ ಹೆಣಿಗೆ ಇರುತ್ತಿತ್ತು.

ಈ ವರ್ಷದಿಂದ ನಮ್ಮ ಪ್ರಕರಣ ಅಧ್ಯಯನದ ನಮೂನೆಯಲ್ಲಿ ಕುಟುಂಬದ ಹಿನ್ನೆಲೆಗೆ ಮೊದಲು ಅರ್ಧ ಪುಟ ಖಾಲಿ ಬಿಟ್ಟಿದ್ದೇವೆ. ಮನೆಯವರನ್ನು ಎಲ್ಲಿ, ಯಾವ ಹೊತ್ತಿನಲ್ಲಿ ಕಂಡಿರಿ, ಏನು ಹೇಳಿದಿರಿ, ಅವರು ಏನು ಕೇಳಿದರು, ಮಗು ಏನೆಂದಿತು ಎಂದು ಅಲ್ಲಿ ಬರೆಯಬೇಕು. ಸಹಿಗೆ ಜಾಗ ಇಟ್ಟಿಲ್ಲ. ಮೊದಲ ಕಂತಿನಲ್ಲಿ ಬಂದ ದಾಖಲೆಗಳಲ್ಲಿ ಒಂದರ ಅರ್ಧ ಪುಟದಲ್ಲಿ, ತಾಯಿ ಬೇಡ ಎಂದರು, ಆದ್ದರಿಂದ ಬೇರೆ ಮಗುವಿನ ಮನೆಗೆ ಹೋದೆ ಎಂದು ಬರೆದಿತ್ತು. ಆ ಪುಟಕ್ಕೆ ಪೂರ್ಣ ಅಂಕ ಕೊಟ್ಟೆ.